ಐದನೇ ರೇಸಿನ ಪಂಚನಾಮೆ

ಚಾಂಪಿಯನ್‌ಶಿಪ್ ಶುರುವಾಗುವ ಮೊದಲು ಕಂಪ್ಯೂಟರಿನಲ್ಲಿ ಒಂದು ಪರೀಕ್ಷಾ ಕಾರು ರೇಸು ನಡೆಯಿತು. ಚಿತ್ತಾಪುರದ ಪರವಾಗಿ ನಾನು ಓಡಿಸಿದೆ. ಉಳಿದ ನಾಲ್ವರು ತಮ್ಮ ತಮ್ಮ ಊರಿನಲ್ಲಿ, ತಮ್ಮ ತಮ್ಮ ಕಂಪ್ಯೂಟರಿನ ಮುಂದೆ ಹದಿನೈದು ಸುತ್ತು ಮುಗಿಸಿ, ಚಹಾ ತರಿಸಿ ಕುಡಿದು, ಫೋನು ಮಾಡಿ, "ಆಚಾರ್ರೇ, ಇನ್ನಾ ಅಲ್ಲೇ ಇದ್ದೀರೇನ್ರಿ?" ಎಂದು ಕೇಳಿದಾಗ ನಾನು ಒಂಬತ್ತನೆಯ ಸುತ್ತಿನಲ್ಲಿದ್ದೆ. ಸರಿಯಾಗಿ ಹೇಳಬೇಕೆಂದರೆ ಸುತ್ತಿನಲ್ಲಿರಲಿಲ್ಲ. ಮೂರನೆಯ ತಿರುವಿನ ಹೊರಗೆ ಹುಲ್ಲಿನ ಮೇಲೆ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿದ್ದೆ. ಮರುದಿನ ರೇಸು ಏರ್ಪಡಿಸಿದ್ದ ಸೇಡಂನವರಿಂದ ತೀರ್ಮಾನ ಬಂತು. ಚಿತ್ತಾಪುರ ಇನ್ನು ಓಡಿಸುವುದು ಬೇಡ, ಕುಳಿತು ನೋಡಲಿ.

ನೋಡುವ ಕೆಲಸಕ್ಕೆ ನಾನು ತಕ್ಕವನೆಂದು ನನಗೂ ಅನ್ನಿಸಿತು. ಆಗ ನಾನು ಚಿತ್ತಾಪುರದ ಕೋರ್ಟಿನಲ್ಲಿ ಬೆರಳಚ್ಚುಗಾರ. ಸಾಕ್ಷಿ ಹೇಳಿದ್ದನ್ನು ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಟೈಪು ಮಾಡುವುದು ಹದಿನಾಲ್ಕು ವರ್ಷದ ಅಭ್ಯಾಸ. "ಆಚಾರ್ರು ಬರದ್ರ ಕಲ್ಲಿನ ಮ್ಯಾಲ ಬರದಂಗ" ಎಂದು ಸೇಡಂನವರು ಹೇಳಿದ್ದು ನನಗೆ ಹಿತವಾಗಿತ್ತು. ಅದು ಹಿತವಾಗಿದ್ದುದೇ ಮುಂದಿನ ತಪ್ಪಿಗೆ ಕಾರಣ ಎಂದು ಈಗ ತಿಳಿಯುತ್ತದೆ.

ಈ ಆಟ ನಮ್ಮ ಕಡೆಗೆ ಬಂದದ್ದು ಸೇಡಂ ಹತ್ತಿರದ ಸಿಮೆಂಟ್ ಕಾಲೋನಿಯಿಂದ. ತಾಲ್ಲೂಕು ಊರುಗಳಿಗೆ ಬ್ರಾಡ್‌ಬ್ಯಾಂಡ್ ಬಂದು ಒಂದೆರಡು ವರ್ಷವಾಗಿತ್ತು. ಕಾಲೋನಿಯಲ್ಲಿದ್ದ ಒಬ್ಬ ಇಂಜಿನಿಯರು ವರ್ಗವಾಗಿ ಹೋಗುವಾಗ, ತಾನು ದಿನಾ ಹೋಗುತ್ತಿದ್ದ ಇಂಟರ್‌ನೆಟ್ ಅಂಗಡಿಯ ಯಜಮಾನರಿಗೆ ಎರಡು ವಸ್ತು ಕೊಟ್ಟು ಹೋದರು. ಒಂದು, ಟೂರಿಂಗ್ ಕಾರಿನ ರೇಸಿನ ಸಿ.ಡಿ. ಟೂರಿಂಗ್ ಕಾರೆಂದರೆ ರಸ್ತೆಯಲ್ಲಿ ಓಡಾಡುವ ಕಾರಿನಂತೆಯೇ ಕಾಣುವ, ಬಾಗಿಲ ಮೇಲೆ ದೊಡ್ಡ ನಂಬರು ಬರೆದ ಕಾರು. ಬೇರೆ ಬೇರೆ ಊರಿನವರು ಇಂಟರ್‌ನೆಟ್ ಮೂಲಕ ಒಂದೇ ದಾರಿಯ ಮೇಲೆ ಒಟ್ಟಿಗೆ ಓಡಿಸಬಹುದು. ಇನ್ನೊಂದು, ಕಂಪ್ಯೂಟರಿಗೆ ಜೋಡಿಸುವ ಸ್ಟೇರಿಂಗು, ಕಾಲಿಗೆ ಎರಡು ಪೆಡಲು. ಅಂಥ ಸ್ಟೇರಿಂಗು ಐದು ಊರಿನಲ್ಲಿ ಇನ್ನೊಂದಿರಲಿಲ್ಲ. ಸೇಡಂನ ಯಜಮಾನರು ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆರು ರೇಸು, ಎಲ್ಲರೂ ಕೀಬೋರ್ಡಿನಲ್ಲೇ ಓಡಿಸತಕ್ಕದ್ದು, ಗೆದ್ದವನಿಗೆ ಸ್ಟೇರಿಂಗು ಕಾಯಂ.

ಓಡಿಸುವವರು ನಾಲ್ವರು. ಸೇಡಂನಿಂದ ಅಂಗಡಿಯ ಯಜಮಾನರು, ಅವರನ್ನು ನಾವು ಸಾವ್ಕಾರ್ರೇ ಎನ್ನುತ್ತಿದ್ದೆವು. ಚಿಂಚೋಳಿಯಿಂದ ಗಣಿತದ ಮಾಸ್ತರು. ವಾಡಿಯಿಂದ ಗೂಡ್ಸ್ ರೈಲಿನ ಗಾರ್ಡ್ ಸಾಹೇಬರು. ಶಹಾಬಾದಿನಿಂದ ಡ್ರೈವರ್ ಸಾಬ್.

ರೇಸು ಎರಡು ವಾರಕ್ಕೊಮ್ಮೆ, ಗಾರ್ಡ್ ಸಾಹೇಬರಿಗೆ ಡ್ಯೂಟಿ ಇಲ್ಲದ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೊಂದೆಂದರೆ ಐದೂ ಊರಿನಲ್ಲಿ ಕರೆಂಟು ಕೂಡಿಬರುವ ಹನ್ನೊಂದು. ಸೇಡಂನ ಕಂಪ್ಯೂಟರಿಗೆ ಎಲ್ಲರೂ ಸೇರಬೇಕು. ಕರೆಂಟು ಹೋಗಿ ಬಂದಾಗಲೆಲ್ಲ ಅದರ ಇಂಟರ್‌ನೆಟ್ ವಿಳಾಸದ ನಂಬರು ಬದಲಾಗುತ್ತಿತ್ತು. ಸಾವ್ಕಾರ್ರು ಒಬ್ಬೊಬ್ಬರಿಗೇ ಫೋನು ಮಾಡಿ ಹನ್ನೆರಡು ಅಂಕಿ ಓದಿ ಹೇಳುವರು. ಮಾಸ್ತರು ಪ್ರತಿ ಅಂಕಿಯನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸುವಂತೆ ತಿರುಗಿ ಹೇಳುವರು. ಅವರು ಮುಗಿಸುವಷ್ಟರಲ್ಲಿ ಸೇಡಂನಲ್ಲಿ ಮತ್ತೆ ಕರೆಂಟು ಹೋಗುವುದು. ಒಮ್ಮೆ ಹೀಗೆ ಐದು ಸಲ ಆಗಿ, "ಮಾಸ್ತರ್, ನೀವು ಕೇಳಿದ ಮ್ಯಾಲೇ ಕರೆಂಟ್ ಹೋಗ್ಲಿಕತ್ತದ. ನಿಮಗ ಕಡೀಗಿ ಹೇಳ್ತೀನಿ" ಎಂದು ಸಾವ್ಕಾರ್ರು ಫೋನಿಟ್ಟಿದ್ದರು.

ಇಂಜಿನಿಯರು ಬಿಟ್ಟುಹೋದ ನಿಯಮ ಒಂದೇ. ಇನ್ನೊಬ್ಬನ ಕಾರಿಗೆ ಹೊಡೆದವನಿಗೆ ಆ ರೇಸಿನಲ್ಲಿ ಕೊನೆಯ ಸ್ಥಾನ. ಮೊದಲ ರೇಸಿನಲ್ಲೇ ಯಾರು ಯಾರಿಗೆ ಹೊಡೆದರೆಂದು ಜಗಳವಾಯಿತು. ಆಗ ನಾನು ನನಗೆ ಗೊತ್ತಿದ್ದ ದಾರಿ ಹಿಡಿದೆ. ಕೋರ್ಟಿನಲ್ಲಿ ಹೇಗೋ ಹಾಗೆ, ಅಪಘಾತವಾದರೆ ಪಂಚನಾಮೆ, ಅದಕ್ಕೆ ಇಬ್ಬರು ಪಂಚರ ಸಹಿ. ಚಿತ್ತಾಪುರದ ಇಂಟರ್‌ನೆಟ್ ಅಂಗಡಿಯಲ್ಲಿ ನನ್ನ ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು ನಾನು ಉಳಿದವರ ಓಟ ನೋಡುವೆ. ಒಬ್ಬ ಪಂಚ ಅಂಗಡಿಯವನು. ಇನ್ನೊಬ್ಬ, ಆ ಹೊತ್ತಿಗೆ ಅಂಗಡಿಗೆ ಬಂದವನು ಯಾರಾದರೂ ಸರಿ. ಒಮ್ಮೆ ಮಗಳ ಪರೀಕ್ಷೆಯ ಫಲಿತಾಂಶ ನೋಡಲು ಬಂದ ಹಿರಿಯರೊಬ್ಬರನ್ನು ಕೂರಿಸಿದೆವು. ಅವರು ಪೂರ್ತಿ ರೇಸು ನೋಡಿ, ಸಹಿ ಮಾಡುವ ಮುಂಚೆ ಪೆನ್ನು ಹಿಡಿದು, "ಯಾರಿಗರ ಪೆಟ್ಟ ಬಿದ್ದದೇನ್ರಿ? ದವಾಖಾನಿಗಿ ಒಯ್ದಾರಾ?" ಎಂದು ಕೇಳಿದರು. ಯಾರಿಗೂ ಏನೂ ಆಗಿಲ್ಲವೆಂದ ಮೇಲೆ ನಿರಾಳವಾಗಿ ಸಹಿ ಮಾಡಿ, ಫಲಿತಾಂಶ ನೋಡುವುದನ್ನು ಮರೆತು ಹೋದರು.

ಪಂಚನಾಮೆಯ ಭಾಷೆ ಕೋರ್ಟಿನದೇ. "ಸದರಿ ಬಿಳಿ ಬಣ್ಣದ ಕಾರು ಎಡ ಮಗ್ಗುಲಿಗೆ ವಾಲಿ, ಚಿಂಚೋಳಿಯ ಹಸಿರು ಕಾರಿನ ಹಿಂಬದಿಯ ಬಲ ಚಕ್ರಕ್ಕೆ ತಾಗಿದ್ದನ್ನು ಪಂಚರಾದ ನಾವು ಪ್ರತ್ಯಕ್ಷ ಕಂಡಿರುತ್ತೇವೆ." ಇದನ್ನು ಫೋನಿನಲ್ಲಿ ನಾಲ್ವರಿಗೂ ಓದುವೆ. ಸಾವ್ಕಾರ್ರು ಕಾರು ಓಡಿಸುವುದಕ್ಕಿಂತ ಹೆಚ್ಚಾಗಿ ಇದನ್ನು ಕೇಳುವುದಕ್ಕೇ ಕಾಯುತ್ತಿದ್ದರು.

ಡ್ರೈವರ್ ಸಾಬ್ ಶಹಾಬಾದಿನಲ್ಲಿ ಭಾವಮೈದುನನ ಝೆರಾಕ್ಸ್ ಮತ್ತು ಇಂಟರ್‌ನೆಟ್ ಅಂಗಡಿಯಲ್ಲಿ ಕೂರುತ್ತಿದ್ದರು. ಮೊದಲು ಅವರು ಹಾಸುಗಲ್ಲು ಸಾಗಿಸುವ ಲಾರಿ ಓಡಿಸುತ್ತಿದ್ದವರು. ಕಲ್ಲು ಇಳಿಸುವಾಗ ಒಂದು ಹಾಸು ಜಾರಿ ಬಲಗೈಯ ಎರಡು ಬೆರಳು ಹೋದವು. ಆಮೇಲೆ ಯಾರೂ ಅವರ ಕೈಗೆ ಲಾರಿ ಕೊಡಲಿಲ್ಲ. ಊರವರು ಮಾತ್ರ ಡ್ರೈವರ್ ಸಾಬ್ ಎನ್ನುವುದನ್ನು ಬಿಡಲಿಲ್ಲ. ಬೇರೆ ಹೆಸರಿನಿಂದ ಕರೆದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಕೀಬೋರ್ಡಿನಲ್ಲಿ ಅವರು ಎಡಗೈಯಿಂದ ತಿರುಗಿಸಿ ಬಲಗೈಯ ಹೆಬ್ಬೆರಳಿನಿಂದ ವೇಗ ಕೊಡುತ್ತಿದ್ದರು. ಎರಡನೇ ರೇಸು ಮುಗಿದ ದಿನ ಫೋನಿನಲ್ಲಿ ನನಗೊಂದು ಮಾತು ಹೇಳಿದರು.

"ಆಚಾರ್ರೇ, ಉಳಿದವ್ರಿಗಿ ಗೆಲ್ಲೂದು ಬೇಕಾಗ್ಯದ. ನನಗ ಕಪಾಟಿನ್ಯಾಗಿನ ಆ ಸ್ಟೇರಿಂಗ್ ಬೇಕಾಗ್ಯದ. ಸ್ಟೇರಿಂಗ್ ಹಿಡದು ಆರು ವರ್ಷ ಆತು."

"ಅದು ಆಟಗಿ ಸಾಮಾನ ಅದ ಡ್ರೈವರ್ ಸಾಬ್" ಎಂದೆ.

"ಇರ್ಲಿ. ಕೈಗಿ ಏನ್ ಗೊತ್ತಾಗ್ತದ?"

ನಾಲ್ಕು ರೇಸು ಮುಗಿದಾಗ ಗಾರ್ಡ್ ಸಾಹೇಬರದೂ ಡ್ರೈವರ್ ಸಾಬರದೂ ಪಾಯಿಂಟು ಸಮನಾಗಿತ್ತು.

ಐದನೇ ರೇಸು. ಹನ್ನೊಂದನೇ ಸುತ್ತು. ನಾನು ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಗಾರ್ಡ್ ಸಾಹೇಬರ ನೀಲಿ ಕಾರು ಮುಂದೆ, ಡ್ರೈವರ್ ಸಾಬರ ಕೆಂಪು ಕಾರು ಅದರ ಹಿಂದೆ. ಎಡಕ್ಕೆ ಹೊರಳುವ ಉದ್ದ ತಿರುವು. ಶಹಾಬಾದಿನ ಇಂಟರ್‌ನೆಟ್ ಲೈನು ಬಡಕಲು, ಆದ್ದರಿಂದ ಕೆಂಪು ಕಾರು ನನ್ನ ಪರದೆಯ ಮೇಲೆ ಯಾವಾಗಲೂ ಕಪ್ಪೆಯಂತೆ ಕುಪ್ಪಳಿಸುತ್ತಲೇ ಬರುತ್ತಿತ್ತು. ಅದು ನಮಗೆಲ್ಲ ರೂಢಿಯಾಗಿತ್ತು. ತಿರುವಿನ ನಡುವೆ ಅದು ಒಂದು ಸಲ ಕುಪ್ಪಳಿಸಿ, ಅದರ ಮೂತಿ ನೀಲಿ ಕಾರಿನ ಹಿಂಬದಿಯ ಎಡ ಮೂಲೆಗೆ ತಾಗಿತು. ನೀಲಿ ಕಾರು ಗಿರಕಿ ಹೊಡೆದು ನಿಂತಿತು. ಕೆಂಪು ಕಾರು ಮುಂದೆ ಹೋಯಿತು, ಕೊನೆಗೆ ರೇಸನ್ನೂ ಗೆದ್ದಿತು. ಇಬ್ಬರು ಪಂಚರೂ ಇದನ್ನೇ ಕಂಡರು.

ನಾನು ವಾಡಿಗೆ ಫೋನು ಮಾಡಿದೆ.

"ಸಾಹೇಬ್ರ, ಹನ್ನೊಂದನೇ ಸುತ್ತಿನ್ಯಾಗ ನಿಮ್ಮ ಗಾಡಿ ತಿರುಗ್ತೋ ಇಲ್ಲೋ?"

"ತಿರುಗ್ತು."

"ಆಗ ಹಿಂದ ಯಾರಿದ್ರು?"

"ಕೆಂಪು ಗಾಡಿ ಇತ್ತು."

ಅಷ್ಟು ಸಾಕೆನಿಸಿತು. ಶಹಾಬಾದಿಗೆ ಫೋನು ಮಾಡಿ ಪಂಚನಾಮೆ ಓದಿದೆ.

"ಆಚಾರ್ರೇ, ನಾ ಮುಟ್ಟಿಲ್ಲ."

"ಆರೋಪಿಗಳೆಲ್ಲಾ ಹಂಗೇ ಅಂತಾರ್ರಿ."

"ನನ್ನ ಗಾಡಿ, ಅವ್ರ ಗಾಡಿ ನಡುವ ಒಂದ್ ಎಮ್ಮಿ ಹಾಯೂವಷ್ಟು ಜಾಗ ಇತ್ತು."

"ನನಗ ಎಮ್ಮಿ ಕಂಡಿಲ್ಲ."

"ಹ್ಯಾಂಗ ಕಾಣ್ತದ? ಅದು ಶಹಾಬಾದದ ಎಮ್ಮಿ. ಚಿತ್ತಾಪುರತನಕ ಬರಂಗಿಲ್ಲ."

ನಾನು ನಕ್ಕೆ. ಸಾವ್ಕಾರ್ರಿಗೆ ಹೇಳಿದಾಗ ಅವರೂ ನಕ್ಕರು. ಕೆಂಪು ಕಾರನ್ನು ಕೊನೆಯ ಸ್ಥಾನಕ್ಕೆ ಇಳಿಸಲಾಯಿತು. ಆರನೇ ರೇಸನ್ನು ಡ್ರೈವರ್ ಸಾಬ್ ಗೆದ್ದರು, ಗಾರ್ಡ್ ಸಾಹೇಬರು ಎರಡನೆಯವರಾದರು. ಒಟ್ಟು ಕೂಡಿಸಿದಾಗ ಗಾರ್ಡ್ ಸಾಹೇಬರು ಎರಡು ಪಾಯಿಂಟು ಮುಂದೆ. ಆ ವಾರವೇ ಅವರು ಸೇಡಂ ಮೇಲೆ ಹಾಯ್ದಾಗ ಸಾವ್ಕಾರ್ರು ಸ್ಟೇಷನ್ನಿಗೆ ಹೋಗಿ ಸ್ಟೇರಿಂಗನ್ನು ಅವರ ಕೈಗೆ ಕೊಟ್ಟು ಬಂದರು.

ನನ್ನದೊಂದು ಕೆಲಸ ಉಳಿದಿತ್ತು. ಆರೂ ರೇಸಿನ ಕಾಗದಕ್ಕೆ ನಾಲ್ವರ ಸಹಿ. ಲಕೋಟೆಯನ್ನು ಬಸ್ಸಿನವರ ಕೈಯಲ್ಲಿ, ರೈಲಿನವರ ಕೈಯಲ್ಲಿ ಊರೂರಿಗೆ ಕಳಿಸಿದೆ. ಮೂವರು ಸಹಿ ಹಾಕಿದರು. ಶಹಾಬಾದಿನಿಂದ ಅದು ಸಹಿ ಇಲ್ಲದೆ ವಾಪಸು ಬಂತು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿತ್ತು: "ಬಂದು ನೋಡ್ರಿ. ಚಹಾ ನಂದು."

ಒಂದು ಶನಿವಾರ ಮಧ್ಯಾಹ್ನ ಹೋದೆ. ಅವರನ್ನು ಎದುರಿಗೆ ನೋಡಿದ್ದು ಅದೇ ಮೊದಲು. ಫೋನಿನ ದನಿಗೆ ದೊಡ್ಡ ದೇಹ ಇರಬೇಕೆಂದುಕೊಂಡಿದ್ದೆ. ಕುಳ್ಳಗೆ, ಸಪೂರವಾಗಿದ್ದರು. ನನ್ನನ್ನು ನೋಡಿ, "ಬರ್ರಿ ಜಜ್ ಸಾಬ್, ಕುಂದ್ರಿ. ಪಂಚರನ್ನ ತಂದಿಲ್ಲೇನ್ರಿ? ಚಹಾ ಕುಡದಿದ್ದಕ್ಕ ಸಾಕ್ಷಿ ಯಾರು?" ಎಂದರು.

ಚಹಾ ಆಯಿತು. ಆಮೇಲೆ ತಮ್ಮ ಕಂಪ್ಯೂಟರಿನಲ್ಲಿ ಉಳಿಸಿಟ್ಟುಕೊಂಡಿದ್ದ ಐದನೇ ರೇಸನ್ನು ತೆರೆದರು. ಓಡಿದ ರೇಸನ್ನು ತಿರುಗಿ ನೋಡುವ ಸೌಲಭ್ಯ ಆಟದಲ್ಲೇ ಇತ್ತು. ನಾನೂ ಚಿತ್ತಾಪುರದಲ್ಲಿ ಉಳಿಸಿಕೊಂಡಿದ್ದೆ. ಹನ್ನೊಂದನೇ ಸುತ್ತು ಬಂತು. ಅದೇ ತಿರುವು. ಇಲ್ಲಿ ಕೆಂಪು ಕಾರು ಕುಪ್ಪಳಿಸಲಿಲ್ಲ. ನೀರಿನಂತೆ ಹರಿದು, ನೀಲಿ ಕಾರನ್ನು ಬಲಕ್ಕೆ ಬಿಟ್ಟು ಹಾಯ್ದುಹೋಯಿತು. ನಡುವೆ ಎಮ್ಮೆ ಹಾಯಬಹುದಿತ್ತು, ಕರುವಿನ ಸಮೇತ.

"ಮತ್ತೊಮ್ಮಿ ಹಚ್ರಿ" ಎಂದೆ. ಹನ್ನೊಂದು ಸಲ ನೋಡಿದೆ. ಎಣಿಸಿದವರು ಅವರು. ಹನ್ನೆರಡನೇ ಸಲಕ್ಕೂ ಕೇಳಿದೆ. ಅವರು ತಮಾಷೆ ನಿಲ್ಲಿಸಿ, "ಇರ್ಲಿ ಬಿಡ್ರಿ ಆಚಾರ್ರೇ, ನೀರ್ ಕುಡೀರಿ" ಎಂದರು.

ಅಲ್ಲಿಂದಲೇ ಚಿಂಚೋಳಿಗೆ ಫೋನು ಮಾಡಿ ಮಾಸ್ತರನ್ನು ಕೇಳಿದೆ. ಅವರು ಒಂದಿಷ್ಟೂ ಆಶ್ಚರ್ಯಪಡಲಿಲ್ಲ.

"ಶಹಾಬಾದದ ಸುದ್ದಿ ನಿಮ್ಮ ಯಂತ್ರಕ್ಕ ಮುಟ್ಟಲಿಕ್ಕ ಹೊತ್ತು ಹಿಡೀತದ್ರಿ. ಅದು ಬರೂತನಕ ಗಾಡಿ ಎಲ್ಲಿರಬಹುದು ಅಂತ ನಿಮ್ಮ ಯಂತ್ರ ತಾನೇ ಲೆಕ್ಕಾ ಹಾಕಿ ತೋರಸ್ತದ. ಐದು ಊರಾಗ ಐದು ರೇಸ್ ನಡೀತಾವ. ನೀವು ನೋಡಿದ್ದು ಗಾಡಿ ಅಲ್ರಿ, ಗಾಡಿ ಅಂದಾಜು."

"ಇದು ನಿಮಗ ಮೊದಲೇ ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ತ ಹೇಳಲಿಲ್ಲಲ್ರಿ."

"ನೀವು ಓದೂವಾಗ ನಡುವ ಮಾತಾಡಬಾರದು ಅಂತ ನೀವೇ ಅಂದಿದ್ರಿ."

ಅಂದಿದ್ದೆ. ಕೋರ್ಟಿನಲ್ಲಿ ಹಾಗೆ ನಿಯಮ.

ಸೋಮವಾರ ಕೋರ್ಟಿನಲ್ಲಿ ಒಂದು ಬೇಲಿ ಜಗಳದ ಸಾಕ್ಷಿ ನಡೆದಿತ್ತು. ಸಾಕ್ಷಿದಾರ "ನಾನು ಕಣ್ಣಾರೆ ಕಂಡೆ" ಎಂದ. ಸಾವಿರಾರು ಸಲ ಟೈಪು ಮಾಡಿದ ಮಾತು. ಅಂದು "ಕಣ್ಣಾರೆ" ಎಂಬಲ್ಲಿ ನನ್ನ ಬೆರಳು ನಿಂತಿತು. ನ್ಯಾಯಾಧೀಶರು ಎರಡು ಸಲ ನನ್ನ ಕಡೆ ನೋಡಿದ ಮೇಲೆ ಮುಂದುವರಿಸಿದೆ.

ನೀಲಿ ಕಾರು ಗಿರಕಿ ಹೊಡೆದದ್ದಂತೂ ಎರಡೂ ಕಡೆ ಕಂಡಿತ್ತು. ಹಾಗಾದರೆ ಅದಕ್ಕೆ ಹೊಡೆದವರು ಯಾರು? ಮುಂದಿನ ಭಾನುವಾರ ವಾಡಿಗೆ ಹೋದೆ. ಗಾರ್ಡ್ ಸಾಹೇಬರ ರೈಲ್ವೆ ಕ್ವಾರ್ಟರ್ಸು ಹಳಿಗೆ ಅಂಟಿಕೊಂಡೇ ಇತ್ತು. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಮುಂದೆ ಸ್ಟೇರಿಂಗು. ನನ್ನೊಡನೆ ಮಾತಾಡುವಾಗಲೂ ಅವರು ಅದನ್ನು ಸಣ್ಣಗೆ ಆಚೆ ಈಚೆ ತಿರುಗಿಸುತ್ತಿದ್ದರು.

"ಸಾಹೇಬ್ರ, ನಿಮ್ಮ ಯಂತ್ರದಾಗಿನ ಐದನೇ ರೇಸ್ ನೋಡಬೇಕಾಗ್ಯದ."

"ಅದ್ಯಾಕ್ರಿ? ಆಗಿದ್ದು ಆಗಿಹೋತು."

"ಯಾರು ಹೊಡದ್ರು ನಿಮಗ?"

ಸ್ಟೇರಿಂಗು ತಿರುಗುವುದು ನಿಂತಿತು. ಅವರು ಒಳಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಯಾರೂ ಹೊಡದಿಲ್ರಿ."

"ಅವತ್ತ ಫೋನಿನ್ಯಾಗ ಹೇಳಲಿಲ್ಲ?"

"ನೀವು ಗಾಡಿ ತಿರುಗ್ತೋ ಅಂದ್ರಿ, ತಿರುಗ್ತು ಅಂದೆ. ಹಿಂದ ಯಾರಿದ್ರು ಅಂದ್ರಿ, ಇದ್ದವ್ರನ್ನ ಹೇಳ್ದೆ. ಹೊಡದ್ರೇನು ಅಂತ ನೀವು ಕೇಳೇ ಇಲ್ಲ. ಕೇಳದಿದ್ದಕ್ಕ ಸಾಕ್ಷಿ ಹೇಳ್ತಾನೇನ್ರಿ? ನಿಮಗ ಗೊತ್ತಿರಬೇಕು, ಕೋರ್ಟಿನ್ಯಾಗ ಇರೋವ್ರು."

ಅವರ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಮತ್ತ ಗಾಡಿ ಹ್ಯಾಂಗ ತಿರುಗ್ತು?"

ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು. ಹಾದುಹೋಗುವ ರೈಲಿಗೆ ಕೈ ಎತ್ತಿ ಎಲ್ಲ ಸರಿಯಿದೆ ಎಂದು ತೋರಿಸುವುದು ಅವರ ನೌಕರಿಯ ರೂಢಿ. ಹನ್ನೊಂದನೇ ಸುತ್ತಿನ ಆ ತಿರುವಿನಲ್ಲೇ ಕಿಟಕಿಯ ಹೊರಗೆ ಒಂದು ಗೂಡ್ಸ್ ಹಾದುಹೋಯಿತು. ಅದರ ಕೊನೆಯ ಡಬ್ಬಿಯಲ್ಲಿ ನಿಂತ ಗಾರ್ಡ್ ಕೈ ಎತ್ತಿದ. ಇವರ ಕೈಯೂ ಕೀಬೋರ್ಡು ಬಿಟ್ಟು ತಾನಾಗಿ ಮೇಲಕ್ಕೆದ್ದಿತು. "ಇಪ್ಪತ್ತೆರಡು ವರ್ಷದ ಕೈ ಅದ್ರಿ. ನನ್ನ ಮಾತು ಎಲ್ಲಿ ಕೇಳ್ತದ?" ಎಂದರು. ಅಷ್ಟರಲ್ಲಿ ಹೊರಗೆ ಇನ್ನೊಂದು ರೈಲು ಬಂತು. ಅವರು ಮಾತು ನಿಲ್ಲಿಸಿ ಕೈ ಎತ್ತಿದರು, ಇಳಿಸಿದರು.

ಡ್ರೈವರ್ ಸಾಬರಿಗೆ ಆ ಸ್ಟೇರಿಂಗು ಯಾಕೆ ಬೇಕೆಂದು ನಾನು ಹೇಳಿದೆ. ಕಲ್ಲಿನ ಲಾರಿ, ಎರಡು ಬೆರಳು, ಆರು ವರ್ಷ, ಕೂಡಿಸದೆ ಬಿಡದೆ ಹೇಳಿದೆ. ಗಾರ್ಡ್ ಸಾಹೇಬರು ಎದ್ದು ಮೇಜಿನ ಕೆಳಗೆ ಬಗ್ಗಿ ಪೆಡಲಿನ ವಯರು ಬಿಚ್ಚತೊಡಗಿದರು. ಅಲ್ಲಿಂದಲೇ ಅಂದರು: "ಹೊಸಾ ಪಂಚನಾಮೆ ಬರೀರಿ. ಆದ್ರ ಕೈ ಎತ್ತಿದ್ದು ಬರೀಬ್ಯಾಡ್ರಿ. ಸೇಡಂ ಸಾವ್ಕಾರ್ರಿಗಿ ತಿಳೀತಂದ್ರ ವಾಡಿ ಜಂಕ್ಷನ್‌ನ್ಯಾಗ ನಾ ತಿರುಗಾಡಂಗಿಲ್ಲ. ಗಾಡಿ ಹಾದಾಗೆಲ್ಲಾ ನಗ್ತಾರ."

"ಆಗಿದ್ದು ಬರೀಬೇಕಲ್ರಿ."

"ಆಗದೇ ಇದ್ದದ್ದು ಬರದೀರಿ, ಆಗ ಏನೂ ಆಗಿಲ್ಲ. ಆಗಿದ್ದು ಒಂದ್ ಬಿಟ್ರ ಏನಾಗ್ತದ?"

ಮುಕ್ಕಾಲು ಗಂಟೆ ಇಬ್ಬರೂ ಕುಳಿತು ಒಂದು ವಾಕ್ಯ ಹುಡುಕಿದೆವು. ಐದು ಸಲ ಬರೆದು ಹರಿದೆ. ಕೊನೆಗೆ ಒಪ್ಪಿಗೆಯಾದದ್ದು ಇದು: "ಸದರಿ ನೀಲಿ ಕಾರಿನ ಚಾಲಕರ ಬಲಗೈ ಆ ಸಮಯದಲ್ಲಿ ಕರ್ತವ್ಯದ ನಿಮಿತ್ತ ಬೇರೆಡೆ ಇದ್ದುದರಿಂದ ಕಾರು ತಾನಾಗಿ ತಿರುಗಿರುತ್ತದೆ. ಕೆಂಪು ಕಾರು ಅದಕ್ಕೆ ತಾಗಿರುವುದಿಲ್ಲ." ಅದರ ಕೆಳಗೆ ನನ್ನದೂ ಒಂದು ಸಾಲು ಸೇರಿಸಿದೆ: "ಹಿಂದಿನ ಪಂಚನಾಮೆಯನ್ನು ಬರೆದವನು ಒಂದೇ ಪರದೆಯನ್ನು ನೋಡಿ ಬರೆದಿರುತ್ತಾನೆ. ಅದು ತಪ್ಪು." ಗಾರ್ಡ್ ಸಾಹೇಬರು ಮೊದಲು ಸಹಿ ಮಾಡಿದರು.

ಆ ವಾರದ ಗುರುವಾರ ಅವರ ಗೂಡ್ಸು ಬೆಳಿಗ್ಗೆ ಶಹಾಬಾದಿನಲ್ಲಿ ಸಿಗ್ನಲಿಗೆ ನಿಲ್ಲುವುದಿತ್ತು. ನಾನು ರಜೆ ಹಾಕಿ ಹೋದೆ. ಡ್ರೈವರ್ ಸಾಬರಿಗೆ ಇಂಥ ಹೊತ್ತಿಗೆ ಸ್ಟೇಷನ್ನಿಗೆ ಬನ್ನಿ ಎಂದಷ್ಟೇ ಹೇಳಿದ್ದೆ. ಉದ್ದನೆಯ ರೈಲು ನಿಂತಿತು. ಕೊನೆಯ ಡಬ್ಬಿಯವರೆಗೂ ನಡೆದೆವು. ಗಾರ್ಡ್ ಸಾಹೇಬರು ಮೆಟ್ಟಿಲ ಮೇಲೆ ನಿಂತು, ಹಳೆಯ ಲುಂಗಿಯಲ್ಲಿ ಕಟ್ಟಿದ ಗಂಟನ್ನು ಕೆಳಗೆ ಚಾಚಿದರು.

"ಏನ್ರಿ ಇದು?" ಎಂದು ಡ್ರೈವರ್ ಸಾಬ್ ಕೇಳಿದರು.

"ನಿಮ್ಮ ಸಾಮಾನ. ತಪ್ಪಿ ನನ್ನ ಕಡೆ ಬಂದಿತ್ತು."

ಅವರು ಗಂಟು ಬಿಚ್ಚಿ ನೋಡಲಿಲ್ಲ. ಹೊರಗಿನಿಂದಲೇ ಮುಟ್ಟಿ, ಗುಂಡಗಿದ್ದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು. ನಾನು ಪಂಚನಾಮೆ ಓದಿದೆ. "ಕರ್ತವ್ಯದ ನಿಮಿತ್ತ" ಎಂಬಲ್ಲಿ ಅವರು ತಲೆ ಎತ್ತಿದರು.

"ಕೀಬೋರ್ಡ್ ಬಿಟ್ಟು ಅದೆಂಥಾ ಕರ್ತವ್ಯರಿ ಸಾಹೇಬ್ರ?"

"ಸರಕಾರಿ ಕೆಲಸ. ಹೊರಗ ಹೇಳಬಾರದು" ಎಂದರು ಗಾರ್ಡ್ ಸಾಹೇಬರು. ಅಷ್ಟರಲ್ಲಿ ಸಿಗ್ನಲ್ ಬಿತ್ತು. ರೈಲು ಅಲುಗಿತು. ಅವರು ಕೈ ಎತ್ತಲು ಹೋಗಿ, ನನ್ನ ಮುಖ ನೋಡಿ, ಆಮೇಲೆ ಎತ್ತೇ ಎತ್ತಿದರು.

ಅಂಗಡಿಗೆ ಬಂದು ಹಾಸುಗಲ್ಲಿನ ಮೇಜಿಗೆ ಸ್ಟೇರಿಂಗನ್ನು ಬಿಗಿದೆವು. ಕಲ್ಲು ತೆಳುವಾಗಿ ಹಿಡಿಕೆ ಕೂರಲಿಲ್ಲ, ಭಾವಮೈದುನನ ಅಂಗಡಿಯ ರಟ್ಟು ಮಡಚಿ ಸಂದಿಗೆ ತುಂಬಿದೆವು. ಡ್ರೈವರ್ ಸಾಬ್ ಬೆಲ್ಟಿನ ಚಪ್ಪಲಿ ಕಳಚಿ ಬದಿಗಿಟ್ಟು, ಪೆಡಲಿನ ಮೇಲೆ ಬರಿಗಾಲಿಟ್ಟು ಕುಳಿತರು. ಪರದೆಯ ಮೇಲೆ ಕೆಂಪು ಕಾರು ಗ್ಯಾರೇಜಿನಲ್ಲಿ ನಿಂತಿತ್ತು. ಮೂರು ಬೆರಳಿನ ಬಲಗೈಯನ್ನೂ ಎಡಗೈಯನ್ನೂ ಚಕ್ರದ ಮೇಲಿಟ್ಟು ಅದನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ನೋಡಿದರು. ನಾನು ಅವರ ಬೆನ್ನಹಿಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಆಮೇಲೆ ಅವರು ಎಡ ಭುಜದ ಮೇಲಿಂದ ಹಿಂದಕ್ಕೆ ತಿರುಗಿ ನೋಡಿದರು. ಪರದೆಯನ್ನಲ್ಲ, ನನ್ನನ್ನು, ನನ್ನ ಹಿಂದಿದ್ದ ಬೀದಿಯನ್ನು.

"ಆಚಾರ್ರೇ, ಜರಾ ಬಾಜೂಕ ಸರೀರಿ. ಗಾಡಿ ರಿವರ್ಸ್ ತಗೋಬೇಕಾಗ್ಯದ."

ನಾನು ಕುರ್ಚಿ ಎತ್ತಿಕೊಂಡು ಗೋಡೆಯ ಕಡೆಗೆ ಸರಿದು ನಿಂತೆ.